ಹಾವಿನ ಜಾಣ್ಮೆ, ಪಾರಿವಾಳದ ಮನಸ್ಸು: ಸಂತ ಜೋಸೆಫ್ ವಾಜರ ಜೀವನ ಚರಿತ್ರೆ



ಮುಡಿಪು ಬೆಟ್ಟಕ್ಕೆ ಬರುವವರು ಬರಿಗೈಯಲ್ಲಿ ಬರುವುದಿಲ್ಲ. ಕೈಯಲ್ಲಿ ಮೇಣದ ಬತ್ತಿ ಇದ್ದರೆ ಮನಸ್ಸಿನಲ್ಲಿ ಏನಾದರೊಂದು ಭಾರ ಇರುತ್ತದೆ. ಒಬ್ಬರಿಗೆ ಕಾಯಿಲೆ, ಇನ್ನೊಬ್ಬರಿಗೆ ಸಾಲ, ಮತ್ತೊಬ್ಬರಿಗೆ ಮಗಳ ಮದುವೆ ಅಥವಾ ಅಣ್ಣತಮ್ಮಂದಿರ ಆಸ್ತಿ ಜಗಳ. ಇವೆಲ್ಲದರ ಅಡಿಯಲ್ಲಿ ಇನ್ನೊಂದು ಪ್ರಶ್ನೆಯೂ ಅನೇಕರಿಗೆ ಉಂಟು. ನೇರವಾಗಿ ನಡೆದರೆ ಜನ ಮೋಸ ಮಾಡ್ತಾರೆ. ಸ್ವಲ್ಪ ಚಾಲಾಕಿಯಾದರೆ ಮನಸ್ಸಾಕ್ಷಿ ಚುಚ್ಚುತ್ತದೆ. ಹಾಗಾದರೆ ಕ್ರೈಸ್ತರಾಗಿ ಬದುಕೋದು ಹೇಗೆ?

ಪ್ರಭು ಯೇಸುವಿಗೆ ಈ ಕಷ್ಟ ಗೊತ್ತಿತ್ತು. ಸಂತ ಮತ್ತಾಯರ ಶುಭಸಂದೇಶದ 10ನೇ ಅಧ್ಯಾಯದಲ್ಲಿ ಅವರು ಹನ್ನೆರಡು ಮಂದಿ ಪ್ರೇಷಿತರನ್ನು ಊರೂರಿಗೆ ಕಳಿಸುತ್ತಾರೆ. ಹೋಗುವ ದಾರಿಯಲ್ಲಿ ತೋಳಗಳಿವೆ ಅನ್ನುವುದನ್ನು ಮುಚ್ಚಿಡುವುದಿಲ್ಲ. ಅಂಥ ಕಡೆ ಬಾಳಲಿಕ್ಕೆ ಹಾವಿನ ಜಾಣ್ಮೆಯೂ ಬೇಕು, ಪಾರಿವಾಳದ ಕಪಟವಿಲ್ಲದ ಮನಸ್ಸೂ ಬೇಕು ಅಂತ ಕಲಿಸುತ್ತಾರೆ. ಎರಡರಲ್ಲಿ ಒಂದು ಸಾಕು ಅಂತ ಅವರು ಎಲ್ಲಿಯೂ ಹೇಳಲಿಲ್ಲ.

ಈ ಎರಡನ್ನೂ ಒಂದೇ ಬಾಳಿನಲ್ಲಿ ಕೂಡಿಸಿ ತೋರಿಸಿದವರು ಸಂತ ಜೋಸೆಫ್ ವಾಜರು.

ಬೆಟ್ಟದ ಮೇಲಿನ ಆ ರಾತ್ರಿ

ಹಿರಿಯರು ಹೇಳಿಕೊಂಡು ಬಂದ ಕಥೆ ಇದು. ವಾಜ್ ಗುರುಗಳು ಕರಾವಳಿಯಲ್ಲಿ ಸೇವೆ ಮಾಡುತ್ತಿದ್ದ ಕಾಲದಲ್ಲಿ ಅವರನ್ನು ಕಂಡರಾಗದ ಕೆಲವರು ಇದ್ದರಂತೆ. ಒಂದು ರಾತ್ರಿ ಆ ಜನ, ಬೆಟ್ಟದ ಮೇಲೆ ರೋಗಿಯೊಬ್ಬ ಸಾಯುವ ಸ್ಥಿತಿಯಲ್ಲಿದ್ದಾನೆ ಅಂತ ಸುಳ್ಳು ಹೇಳಿ ಕರೆಸಿದರು. ದಾರಿಯಲ್ಲೇ ಅವರ ಕಥೆ ಮುಗಿಸಬೇಕು ಅನ್ನೋದು ಅವರ ಹುನ್ನಾರ. ರೋಗಿಯ ಹೆಸರು ಕೇಳಿದ ಮೇಲೆ ವಾಜ್ ಗುರುಗಳು ಕೂತಲ್ಲಿ ಕೂರುವವರಲ್ಲ. ಕೈಯಲ್ಲಿ ಕೋಲು ಹಿಡಿದು, ಬರಿಗಾಲಲ್ಲಿ, ಕತ್ತಲಲ್ಲಿ ಬೆಟ್ಟ ಹತ್ತಿದರು. ಮೇಲೆ ರೋಗಿಯೂ ಇಲ್ಲ, ಮನೆಯೂ ಇಲ್ಲ. ಅವರು ಪ್ರಾರ್ಥಿಸಿ ಕೋಲನ್ನು ಬಂಡೆಗೆ ಊರಿದಾಗ ಅಲ್ಲಿಂದ ನೀರು ಚಿಮ್ಮಿತು, ಕೆಡುಕು ಮಾಡಲು ಬಂದವರು ಹೆದರಿ ಓಡಿದರು ಅನ್ನೋದು ಭಕ್ತರ ನಂಬಿಕೆ. ಇಂದು ಬೆಟ್ಟದ ಮೇಲೆ ಅವರ ಹೆಸರಿನ ಪುಣ್ಯಕ್ಷೇತ್ರ ಇರುವುದು ಈ ನೆನಪಿನ ಮೇಲೆಯೇ.

ಈ ಕಥೆ ಕೇಳಿದವರಿಗೆ ವಾಜ್ ಗುರುಗಳು ಯಾರು ಕರೆದರೂ ನಂಬಿ ಹೋಗುವ ಮುಗ್ಧ ಮನುಷ್ಯ ಅನ್ನಿಸಬಹುದು. ಆದರೆ ಇದೇ ಮನುಷ್ಯ ಮುಂದೆ ಸಮುದ್ರ ದಾಟಿ, ಡಚ್ಚರ ಸಿಪಾಯಿಗಳ ಕಣ್ಣೆದುರೇ ವರ್ಷಗಟ್ಟಲೆ ವೇಷ ಬದಲಿಸಿ ಓಡಾಡಿದರು. ಅವರನ್ನು ಹಿಡಿಯಲು ಡಚ್ಚರಿಗೆ ಆಗಲಿಲ್ಲ. ಒಂದು ಕಡೆ ಅಷ್ಟು ಮುಗ್ಧತೆ, ಇನ್ನೊಂದು ಕಡೆ ಇಷ್ಟು ಜಾಣ್ಮೆ. ಇದು ಹೇಗೆ ಸಾಧ್ಯ ಆಯ್ತು ಅನ್ನುವುದೇ ಅವರ ಜೀವನ ಚರಿತ್ರೆ.

ಗೋವೆಯ ಮಗ

ಜೋಸೆಫ್ ವಾಜರು 1651ರ ಏಪ್ರಿಲ್ 21ರಂದು ಗೋವೆಯ ಬೆನಾವ್ಲಿಯಲ್ಲಿ ಹುಟ್ಟಿದರು. ಅದು ತಾಯಿಯ ಊರು. ತಂದೆ ಕ್ರಿಸ್ತೊವಾಂವ್ ವಾಜರ ಊರು ಸಾಂಕ್ವಾಳ್. ತಾಯಿ ಮರಿಯಾ ದಿ ಮಿರಾಂದಾ. ಕೊಂಕಣಿ ಮಾತಾಡುವ, ದೇವಭಕ್ತಿಯ ಮನೆತನ. ಆರು ಮಕ್ಕಳಲ್ಲಿ ಜೋಸೆಫ್ ಮೂರನೆಯವರು. ಬೆನಾವ್ಲಿಯ ಸಂತ ಯೊವಾನ್ನರ ಇಗರ್ಜಿಯಲ್ಲಿ ಮಗುವಿಗೆ ಜ್ಞಾನಸ್ನಾನ ಆಯ್ತು.

ಹುಡುಗ ಸಾಂಕ್ವಾಳ್‌ನಲ್ಲಿ ಪೋರ್ಚುಗೀಸ್, ಬೆನಾವ್ಲಿಯಲ್ಲಿ ಲ್ಯಾಟಿನ್ ಕಲಿತ. ಮುಂದೆ ಗೋವೆ ನಗರದಲ್ಲಿ ಯೇಸು ಸಭೆಯವರ ಸಂತ ಪೌಲರ ಕಾಲೇಜು, ಆಮೇಲೆ ದೊಮಿನಿಕನರ ವಿದ್ಯಾಲಯ. ಅಲ್ಲಿ ತತ್ವಶಾಸ್ತ್ರ, ದೈವಶಾಸ್ತ್ರ ಓದಿ 1676ರಲ್ಲಿ ಗುರುದೀಕ್ಷೆ ಪಡೆದರು. ಗುರುವಾದ ಮೇಲೆ ಬಡವರ ಹಾಗೆ ಬರಿಗಾಲಲ್ಲಿ ನಡೆಯುವ ಅಭ್ಯಾಸ ಮಾಡಿಕೊಂಡರು. ಗುರುಗಳಾಗಬೇಕು ಅಂತ ಆಸೆಯಿದ್ದ ಹುಡುಗರಿಗೆ ಸಾಂಕ್ವಾಳ್‌ನಲ್ಲಿ ಲ್ಯಾಟಿನ್ ಶಾಲೆ ತೆರೆದರು. 1677ರ ಆಗಸ್ಟ್ 5ರಂದು ಒಂದು ಪತ್ರ ಬರೆದು, ತಮ್ಮನ್ನು ಮಾತೆ ಮರಿಯಮ್ಮನವರ ಗುಲಾಮನಾಗಿ ಒಪ್ಪಿಸಿಕೊಂಡರು. ಜೀತಪತ್ರ ಬರೆದುಕೊಟ್ಟವನಿಗೆ ತನ್ನದು ಅನ್ನುವಂಥದ್ದು ಏನೂ ಉಳಿಯುವುದಿಲ್ಲ. ಈ ಮಾತನ್ನು ಯಾತ್ರಿಕರು ನೆನಪಿಟ್ಟುಕೊಳ್ಳಬೇಕು. ವಾಜರ ಜಾಣ್ಮೆಯ ಗುಟ್ಟು ಇರುವುದು ಇಲ್ಲೇ.

ಆ ಕಾಲದ ಗೋವೆಯಲ್ಲಿ ಊರಿನ ಗುರುಗಳಿಗೆ ಹೆಚ್ಚಿನ ಮರ್ಯಾದೆ ಇರಲಿಲ್ಲ. ಮೈಬಣ್ಣ ನೋಡಿಯೇ ತೂಗುತ್ತಿದ್ದರು. ಯುರೋಪಿನ ಸನ್ಯಾಸಿ ಸಭೆಗಳು ಈ ನೆಲದ ಮಕ್ಕಳನ್ನು ಸೇರಿಸಿಕೊಳ್ಳಲು ಹಿಂಜರಿಯುತ್ತಿದ್ದವು. ವಾಜರು ಇದಕ್ಕೆ ಸಿಟ್ಟಾಗಲಿಲ್ಲ, ಕುಗ್ಗಲೂ ಇಲ್ಲ. ತಮ್ಮ ಪಾಲಿಗೆ ಬಂದ ಕೆಲಸ ಮಾಡುತ್ತಾ ಹೋದರು. ಜನ ಹಗುರವಾಗಿ ಕಂಡ ಆ ಮೈಬಣ್ಣವನ್ನೇ ದೇವರು ಮುಂದೆ ಒಂದು ಬೀಗದ ಕೈ ಮಾಡಿದರು.

ಕೆನರಾದ ಜಗಳ

1681ರಲ್ಲಿ ಗೋವೆಯ ಹಿರಿಯರು ವಾಜರನ್ನು ಕೆನರಾಕ್ಕೆ ಕಳಿಸಿದರು. ಆಗ ಈ ಸೀಮೆ ಕೆಳದಿಯ ರಾಣಿ ಚೆನ್ನಮ್ಮಳ ಆಳ್ವಿಕೆಯಲ್ಲಿತ್ತು. ಮಂಗಳೂರು, ಬಸ್ರೂರು, ಕುಂದಾಪುರ, ಗಂಗೊಳ್ಳಿ ಮುಂತಾದ ಕಡೆ ಕ್ರೈಸ್ತರು ಚದುರಿ ಬಾಳುತ್ತಿದ್ದರು. ಇಗರ್ಜಿಗಳು ಕಡಿಮೆ, ಗುರುಗಳು ಇನ್ನೂ ಕಡಿಮೆ. ಇದು ಸಾಲದು ಅಂತ ಧರ್ಮಸಭೆಯ ಒಳಗೇ ಒಂದು ಜಗಳ. ಪೋರ್ಚುಗಲ್ ರಾಜನಿಗೆ ಸಿಕ್ಕಿದ್ದ ಹಕ್ಕಿನ ಪ್ರಕಾರ ಈ ಸೀಮೆ ತಮಗೆ ಸೇರಿದ್ದು ಅಂತ ಗೋವೆಯವರು. ರೋಮಿನಿಂದ ನೇಮಕವಾಗಿ ಬಂದ ಧರ್ಮಾಧ್ಯಕ್ಷ ತೋಮಸ್ ದಿ ಕಾಸ್ತ್ರೊ ಅವರು ತಮಗೆ ಸೇರಿದ್ದು ಅಂತ. ದೊಡ್ಡವರ ಈ ಜಗಳದಲ್ಲಿ ಬಡವಾದದ್ದು ಸಾಮಾನ್ಯ ವಿಶ್ವಾಸಿ. ಯಾವ ಗುರುವಿನ ಹತ್ತಿರ ಪಾಪನಿವೇದನೆ ಮಾಡಿದರೆ ಸಲ್ಲುತ್ತದೆ, ಯಾರು ಮಾಡಿಸಿದ ಮದುವೆ ನಿಲ್ಲುತ್ತದೆ ಅನ್ನೋ ಗೊಂದಲ ಅವನದು.

ಗೋವೆಯ ಪ್ರತಿನಿಧಿಯಾಗಿ ಬಂದ ವಾಜರು ಧರ್ಮಾಧ್ಯಕ್ಷರನ್ನು ಎದುರು ಹಾಕಿಕೊಳ್ಳುವುದು ಸುಲಭವಿತ್ತು. ಹಾಗೆ ಮಾಡಿದ್ದರೆ ಗೋವೆಯಲ್ಲಿ ಒಳ್ಳೆ ಹೆಸರೂ ಬರುತ್ತಿತ್ತು. ಅವರು ಆ ದಾರಿ ಹಿಡಿಯಲಿಲ್ಲ. ತಾವಾಗಿಯೇ ಧರ್ಮಾಧ್ಯಕ್ಷರ ಬಳಿ ಹೋಗಿ ವಿನಯದಿಂದ ಮಾತಾಡಿದರು. ತಮ್ಮನ್ನು ಕಳಿಸಿದವರಿಗೆ ವಿಧೇಯರಾಗಿದ್ದುಕೊಂಡೇ, ಜನರಿಗೆ ಸಂಸ್ಕಾರಗಳು ತಪ್ಪದ ಹಾಗೆ ಒಂದು ಹೊಂದಾಣಿಕೆಗೆ ಪ್ರಯತ್ನಿಸಿದರು. ಹಕ್ಕು ಯಾರದ್ದು ಅನ್ನುವುದಕ್ಕಿಂತ ಮೊದಲು ಜನರ ಆತ್ಮದ ಗತಿ ಏನು ಅನ್ನುವುದು ಅವರ ಪ್ರಶ್ನೆಯಾಗಿತ್ತು.

ಮೂರು ವರ್ಷ ಅವರು ಕರಾವಳಿಯ ಉದ್ದಕ್ಕೂ ನಡೆದರು. ಇಗರ್ಜಿಗಳನ್ನು ಎಬ್ಬಿಸಿದರು, ಮಕ್ಕಳಿಗೆ ಶಾಲೆ ಮಾಡಿದರು. ಗುಲಾಮರಾಗಿ ಮಾರಾಟಗೊಂಡಿದ್ದ ಕ್ರೈಸ್ತರನ್ನು ಹಣ ಕೊಟ್ಟು ಬಿಡಿಸಿದರು. ಜಾತಿ ನೋಡದೆ ಎಲ್ಲರ ಮನೆಗೂ ಹೋದರು. ಮುಡಿಪು ಬೆಟ್ಟದ ಕಥೆಯೂ ಈ ಕಾಲದ್ದೇ. ಕರಾವಳಿಯ ಮನೆಗಳಲ್ಲಿ ಅವರ ಹೆಸರು ಮೂರು ಶತಮಾನ ದಾಟಿದರೂ ಅಳಿಯದೆ ಉಳಿದದ್ದು ಈ ಓಡಾಟದಿಂದ.

ಭಿಕ್ಷುಕನ ವೇಷ

1684ರಲ್ಲಿ ಗೋವೆಗೆ ಮರಳಿದ ವಾಜರು ಮರುವರ್ಷ, 1685ರ ಸೆಪ್ಟೆಂಬರ್ 25ರಂದು, ಹಳೇ ಗೋವೆಯ ಗುಡ್ಡದ ಮೇಲಿದ್ದ ಪವಾಡ ಶಿಲುಬೆಯ ಇಗರ್ಜಿಯಲ್ಲಿ ಕೂಡಿ ಬಾಳುತ್ತಿದ್ದ ಊರಿನ ಗುರುಗಳ ಜೊತೆ ಸೇರಿದರು. ಅವರ ಮುಂದಾಳುವಾಗಿ, ಸಂತ ಫಿಲಿಪ್ ನೇರಿಯವರ ಮಾದರಿಯಲ್ಲಿ ಆ ಗುಂಪನ್ನು ಒಂದು ಸಭೆಯಾಗಿ ಕಟ್ಟಿದರು. ಈ ನೆಲದ ಗುರುಗಳೇ ಸೇರಿ ಆದ ಸಭೆ ಅದು.

ಆದರೆ ಅವರ ಮನಸ್ಸು ಶ್ರೀಲಂಕಾದಲ್ಲಿತ್ತು. ಡಚ್ಚರು 1656ರಲ್ಲಿ ಕೊಲಂಬೋವನ್ನೂ 1658ರಲ್ಲಿ ಜಾಫ್ನಾವನ್ನೂ ಪೋರ್ಚುಗೀಸರಿಂದ ಕಸಿದುಕೊಂಡಿದ್ದರು. ಕಥೋಲಿಕ ಗುರುಗಳನ್ನು ಹೊರಗೆ ಹಾಕಿದ್ದರು. ಗುರುವಿಗೆ ಆಶ್ರಯ ಕೊಟ್ಟವರಿಗೆ ಮರಣದಂಡನೆ ಅಂತ ಆಜ್ಞೆ ಇತ್ತು. ಜನ ಡಚ್ಚರ ಇಗರ್ಜಿಗೆ ಹೋಗಲೇಬೇಕಾಗಿತ್ತು. ಬಲಿಪೂಜೆ, ಪಾಪನಿವೇದನೆ ಇಲ್ಲದೆ ಸುಮಾರು ಮೂವತ್ತು ವರ್ಷ ಕಳೆದಿತ್ತು. ಅಲ್ಲಿ ಹುಟ್ಟಿ ದೊಡ್ಡವರಾದ ಮಕ್ಕಳು ಒಬ್ಬ ಗುರುವಿನ ಮುಖವನ್ನೂ ನೋಡಿರಲಿಲ್ಲ.

ಬಿಳಿ ಮೈಯ ಗುರು ಅಲ್ಲಿ ಕಾಲಿಟ್ಟರೆ ಆ ಕ್ಷಣವೇ ಗುರುತು ಸಿಗುತ್ತಿತ್ತು. ಕಂದು ಮೈಯ, ಬರಿಗಾಲಿನ ಒಬ್ಬ ಕೂಲಿಯವನ ಕಡೆ ಯಾರು ತಿರುಗಿ ನೋಡುತ್ತಾರೆ? ವಾಜರಿಗೆ ಇದು ಹೊಳೆಯಿತು. 1686ರಲ್ಲಿ ಅವರು ಗೋವೆಯಿಂದ ಹೊರಟರು. ಕೊನೆಯ ತನಕ ಜೊತೆಗೆ ಬಂದವನು ಜಾನ್ ಅನ್ನುವ ಹುಡುಗ. ಕರಾವಳಿ ಹಿಡಿದು ತೆಂಕಣಕ್ಕೆ ಇಳಿದು ತೂತ್ತುಕುಡಿ ತಲುಪಿದರು. 1687ರಲ್ಲಿ, ಭಿಕ್ಷುಕನ ವೇಷದಲ್ಲಿ, ಅಲ್ಲಿಂದ ಹಡಗು ಹತ್ತಿದರು. ಸಮುದ್ರದಲ್ಲಿ ಬಿರುಗಾಳಿ ಎದ್ದು ಬಹಳ ಪಾಡುಪಟ್ಟರು. ದ್ವೀಪ ಸೇರಿದ ಮೇಲೆ ವಾಜರಿಗೆ ಕಠಿಣವಾದ ರಕ್ತಭೇದಿ. ದಿಕ್ಕಿಲ್ಲದೆ ಬಿದ್ದಿದ್ದವರನ್ನು ಬದುಕಿಸಿದ್ದು ಕನಿಕರ ಇದ್ದ ಕೆಲವರು ಕೊಟ್ಟ ಗಂಜಿ.

ಇಲ್ಲಿ ಯಾತ್ರಿಕರಲ್ಲಿ ಕೆಲವರಿಗೆ ಒಂದು ಸಂಶಯ ಬರಬಹುದು. ವೇಷ ಹಾಕೋದು ಸುಳ್ಳಲ್ಲವೇ? ಗುರುಗಳೇ ಹೀಗೆ ಮಾಡಿದರೆ ಬೇರೆಯವರು ಮಾಡಿದ್ದರಲ್ಲಿ ತಪ್ಪೇನು?

ಕೇಳಬೇಕಾದ ಪ್ರಶ್ನೆಯೇ. ಆದರೆ ಸ್ವಲ್ಪ ನಿಂತು ನೋಡಬೇಕು. ಮೋಸಗಾರ ವೇಷ ಹಾಕುವುದು ತನಗಿಂತ ದೊಡ್ಡವನಾಗಿ ಕಾಣಲಿಕ್ಕೆ, ಇನ್ನೊಬ್ಬರ ಹತ್ತಿರ ಇರುವುದನ್ನು ಕಸಿಯಲಿಕ್ಕೆ. ವಾಜರು ತಮಗಿಂತ ಸಣ್ಣವರಾಗಿ ಕಾಣುವ ವೇಷ ಹಾಕಿದರು. ಅದರಿಂದ ಅವರಿಗೆ ಸಿಕ್ಕಿದ್ದು ಹಸಿವು, ಕಾಯಿಲೆ, ಬೈಗುಳ. ಇನ್ನೊಬ್ಬರಿಗೆ ಸಿಕ್ಕಿದ್ದು ಪರಮಪ್ರಸಾದ. ಅದೂ ಅಲ್ಲದೆ ಆ ವೇಷ ಪೂರ್ತಿ ವೇಷವೂ ಆಗಿರಲಿಲ್ಲ. ಬಡತನವನ್ನು ಅಪ್ಪಿಕೊಂಡು ಬರಿಗಾಲಲ್ಲಿ ನಡೆಯುವವರು ನಿಜವಾಗಿಯೂ ಭಿಕ್ಷುಕರೇ ಆಗಿದ್ದರು. ಬಟ್ಟೆ ಬದಲಾಯಿತು, ಮನುಷ್ಯ ಬದಲಾಗಲಿಲ್ಲ.

ಕೊರಳಲ್ಲಿ ಜಪಸರ

ಜಾಫ್ನಾದಲ್ಲಿ ಕಥೋಲಿಕರನ್ನು ಗುರುತಿಸೋದು ಹೇಗೆ? ಯಾರೂ ಬಾಯಿಬಿಟ್ಟು ಹೇಳುವ ಹಾಗಿಲ್ಲ. ಕೇಳುವ ಹಾಗೂ ಇಲ್ಲ. ವಾಜರು ಒಂದು ಉಪಾಯ ಮಾಡಿದರು. ಕೊರಳಿಗೆ ಜಪಸರ ಹಾಕಿಕೊಂಡು ಮನೆ ಮನೆಗೆ ಭಿಕ್ಷೆಗೆ ಹೋದರು. ತಿಳಿಯದವರಿಗೆ ಅದು ಯಾವುದೋ ಮಣಿಸರ. ತಿಳಿದವರ ಕಣ್ಣು ಅಲ್ಲಿ ನಿಲ್ಲುತ್ತದೆ, ಮುಖದಲ್ಲಿ ಏನೋ ಒಂದು ಬದಲಾಗುತ್ತದೆ. ಅಕ್ಕಿ ಹಾಕುವವರ ಮುಖವನ್ನು ಅವರು ಗಮನಿಸುತ್ತಿದ್ದರು.

ಯೋಚಿಸಿ ನೋಡಿದರೆ ಈ ಒಂದು ಕೆಲಸದಲ್ಲಿ ಹಾವೂ ಉಂಟು, ಪಾರಿವಾಳವೂ ಉಂಟು. ವೇಷದ ಹಿಂದೆ ಅಡಗಿದ್ದವರು ತಮ್ಮ ವಿಶ್ವಾಸದ ಗುರುತನ್ನು ಮಾತ್ರ ಎಲ್ಲರ ಎದುರು ಕೊರಳಲ್ಲಿ ಹಾಕಿಕೊಂಡಿದ್ದರು. ಡಚ್ಚರಲ್ಲಿ ಯಾರಾದರೂ ಅದನ್ನು ಗುರುತಿಸಿದ್ದರೆ ಅದೇ ಸಾಕ್ಷಿ ಆಗುತ್ತಿತ್ತು.

ನಿಧಾನವಾಗಿ ಕೆಲವರು ಹತ್ತಿರ ಬಂದರು. ಇವರು ನಿಜವಾದ ಗುರುವೋ ಡಚ್ಚರ ಗೂಢಚಾರರೋ ಅಂತ ಅವರೂ ಪರೀಕ್ಷೆ ಮಾಡದೆ ಇರಲಿಲ್ಲ. ನಂಬಿಕೆ ಕುದುರಿದ ಮೇಲೆ ವಾಜರನ್ನು ಸಿಲ್ಲಾಲೈ ಅನ್ನುವ ಹಳ್ಳಿಯಲ್ಲಿ ಉಳಿಸಿಕೊಂಡರು. ಅಲ್ಲಿಯ ಜನ ಗಟ್ಟಿ ಕಥೋಲಿಕರು. ಹಗಲು ಮರೆಯಲ್ಲಿದ್ದು ರಾತ್ರಿ ಮನೆಗಳಲ್ಲಿ ಬಲಿಪೂಜೆ, ಪಾಪನಿವೇದನೆ, ಮಕ್ಕಳಿಗೆ ಜ್ಞಾನಸ್ನಾನ. ಬೆಳಗಾಗುವುದರೊಳಗೆ ಬೇರೆ ಊರು. ತಮಿಳು ಕಲಿತರು. ತಾವಿಲ್ಲದಾಗಲೂ ಪ್ರಾರ್ಥನೆ ನಿಲ್ಲಬಾರದು ಅಂತ ಊರೂರಲ್ಲಿ ನಂಬಿಗಸ್ತ ಗೃಹಸ್ಥರನ್ನು ಮುಂದಾಳುಗಳಾಗಿ ತಯಾರು ಮಾಡಿದರು.

1689ರ ಕ್ರಿಸ್ಮಸ್ ರಾತ್ರಿ ಈ ಗುಟ್ಟು ಒಡೆಯಿತು. ಬಲಿಪೂಜೆಗೆ ಜನ ಕೂಡಿದ್ದಾಗ ಡಚ್ಚರ ಸಿಪಾಯಿಗಳು ನುಗ್ಗಿದರು. ವಾಜರು ಅವರ ಕೈಗೆ ಸಿಗಲಿಲ್ಲ. ಆದರೆ ಬಹಳ ಮಂದಿ ಸೆರೆಸಿಕ್ಕರು. ಕೆಲವರು ಕ್ರೂರವಾದ ಏಟು ತಿಂದರು. ಗುರುವಿನ ಸುಳಿವು ಕೊಟ್ಟು ತಮ್ಮನ್ನು ಉಳಿಸಿಕೊಳ್ಳುವುದಕ್ಕಿಂತ ನೋವು ಉಣ್ಣುವುದು ಮೇಲು ಅಂತ ಅವರು ಆರಿಸಿಕೊಂಡರು.

ಸಂತರ ಬಾಳಿನಲ್ಲಿ ಇದು ಅತಿ ಕಷ್ಟದ ಘಳಿಗೆ. ತಾನು ಉಳಿದೆ, ತನ್ನನ್ನು ನಂಬಿದವರು ಏಟು ತಿಂದರು. ಅವರು ತಾವೇ ಹೋಗಿ ಡಚ್ಚರಿಗೆ ಶರಣಾಗಿದ್ದರೆ ನೋಡುವವರಿಗೆ ದೊಡ್ಡ ತ್ಯಾಗ ಅನ್ನಿಸುತ್ತಿತ್ತು. ಆದರೆ ಇಡೀ ದ್ವೀಪಕ್ಕೆ ಇದ್ದವರು ಅವರೊಬ್ಬರೇ ಗುರು. ಅವರು ಹೋದರೆ ಜನ ಮತ್ತೆ ಮೂವತ್ತು ವರ್ಷ ಕಾಯಬೇಕಿತ್ತೋ ಏನೋ. ಪ್ರಭು ಯೇಸು ಅದೇ 10ನೇ ಅಧ್ಯಾಯದಲ್ಲಿ, ಒಂದು ಊರಿನಲ್ಲಿ ಹಿಂಸೆ ಬಂದರೆ ಇನ್ನೊಂದು ಊರಿಗೆ ಹೋಗಬೇಕು ಅಂತಲೂ ಕಲಿಸಿದ್ದಾರೆ. ವಾಜರು ಪುತ್ತಲಂ ಕಡೆಗೆ ಹೋದರು. ಅದು ಡಚ್ಚರದ್ದಲ್ಲ, ಕ್ಯಾಂಡಿ ರಾಜನ ಸೀಮೆ. ಮುಂದಿನ ವರ್ಷಗಳಲ್ಲಿ ಡಚ್ಚರ ಸೀಮೆಯ ಜನರನ್ನು ಅವರು ಮರೆಯಲಿಲ್ಲ. ಮತ್ತೆ ಮತ್ತೆ ಗುಟ್ಟಾಗಿ ಅಲ್ಲಿಗೆ ಹೋಗಿ ಬಂದರು. ಓಡಿಹೋದವರು ಹೀಗೆ ಮರಳಿ ಬರುವುದಿಲ್ಲ.

ಕ್ಯಾಂಡಿಯ ಸೆರೆಮನೆ

1692ರಲ್ಲಿ ವಾಜರು ಬೆಟ್ಟದ ನಾಡಾದ ಕ್ಯಾಂಡಿಗೆ ಹೊರಟರು. ಅಲ್ಲಿ ಬೌದ್ಧ ಅರಸ ಎರಡನೆಯ ವಿಮಲಧರ್ಮಸೂರಿಯ ಆಳುತ್ತಿದ್ದ. ಆಸ್ಥಾನದಲ್ಲಿದ್ದ, ಕಥೋಲಿಕರನ್ನು ಕಂಡರಾಗದ ಒಬ್ಬ ಫ್ರೆಂಚ್ ಮನುಷ್ಯ, ಈತ ಪೋರ್ಚುಗೀಸರ ಗೂಢಚಾರ ಅಂತ ಅರಸನ ಕಿವಿಗೆ ಹಾಕಿದ. ವಾಜರನ್ನು ಸೆರೆಯಲ್ಲಿಟ್ಟರು.

ಡಚ್ಚರ ಹತ್ತಿರ ಉಪಾಯ ಬೇಕಾಗಿತ್ತು. ಇಲ್ಲಿ ಯಾವ ಉಪಾಯವೂ ನಡೆಯುವ ಹಾಗಿರಲಿಲ್ಲ. ವಾಜರು ವಾದಕ್ಕೆ ನಿಲ್ಲಲಿಲ್ಲ, ದೂರು ಕೊಟ್ಟವನ ಮೇಲೆ ತಿರುಗಿ ದೂರಲಿಲ್ಲ. ಪ್ರಾರ್ಥನೆ ಮಾಡಿದರು, ಉಪವಾಸ ಇದ್ದರು, ಸಿಕ್ಕಿದ ಬಿಡುವಿನಲ್ಲಿ ಸಿಂಹಳ ಭಾಷೆ ಕಲಿತರು. ಅರಸನ ಕಾವಲುಗಾರರು ಹಗಲಿರುಳು ನೋಡಿದರು. ಗೂಢಚಾರನ ಲಕ್ಷಣ ಒಂದೂ ಕಾಣಲಿಲ್ಲ. ಕಾವಲು ಸಡಿಲವಾಯಿತು. ಒಂದು ಗುಡಿಸಲು ಎದ್ದಿತು, ಅದರಲ್ಲಿ ಪೂಜಾಪೀಠ. ಸುತ್ತಲಿನ ಕಥೋಲಿಕರು ಒಬ್ಬೊಬ್ಬರಾಗಿ ಬಂದರು. ಅರಸನಿಗೆ ಗೊತ್ತಾದರೂ ತಡೆಯಲಿಲ್ಲ.

ಒಂದು ಸಲ ಕ್ಯಾಂಡಿಗೆ ದೊಡ್ಡ ಬರಗಾಲ ಬಂತು. ಜನ ತಮ್ಮ ತಮ್ಮ ರೀತಿಯಲ್ಲಿ ಪ್ರಾರ್ಥಿಸಿದರು. ಮಳೆ ಬರಲಿಲ್ಲ. ಕೊನೆಗೆ ಅರಸ ವಾಜರಿಗೆ ಹೇಳಿಕಳಿಸಿದ. ಅವರು ಬಯಲಲ್ಲಿ ಶಿಲುಬೆ ಇಟ್ಟು ಪೀಠದ ಮುಂದೆ ಮೊಣಕಾಲೂರಿದರು. ಮಳೆ ಸುರಿಯಿತು, ಸುತ್ತಲಿನವರೆಲ್ಲ ನೆನೆದರೂ ಪೀಠವೂ ಅವರೂ ನೆನೆಯಲಿಲ್ಲ ಅಂತ ಶ್ರೀಲಂಕಾದ ವಿಶ್ವಾಸಿಗಳು ಇಂದಿಗೂ ನೆನೆಯುತ್ತಾರೆ. ಆ ಮೇಲೆ ಅರಸ ಅವರಿಗೆ ತನ್ನ ರಾಜ್ಯದಲ್ಲಿ ಓಡಾಡುವ ಸ್ವಾತಂತ್ರ್ಯ ಕೊಟ್ಟ.

1697ರಲ್ಲಿ ಸಿಡುಬು ಬಂತು. ಅನುಕೂಲ ಇದ್ದವರು ಊರು ಬಿಟ್ಟರು. ರೋಗ ತಗಲಿದವರನ್ನು ಮನೆಯವರೇ ಕಾಡಿಗೆ ಸಾಗಿಸಿ ಬಿಟ್ಟುಬರುತ್ತಿದ್ದರು. ಆಗ ಗೋವೆಯಿಂದ ವಾಜರ ಸಹಾಯಕ್ಕೆ ಬಂದಿದ್ದವರಲ್ಲಿ ಅವರ ಸೋದರಳಿಯ ಜೋಸೆಫ್ ದಿ ಕಾರ್ವಾಲೊ ಗುರುಗಳೂ ಒಬ್ಬರು. ಮಾವ ಅಳಿಯ ಇಬ್ಬರೂ ಕಾಡಿನಲ್ಲಿ ಬಿದ್ದಿದ್ದ ರೋಗಿಗಳನ್ನು ಹುಡುಕಿದರು. ಗುಡಿಸಲು ಹಾಕಿ ಮಲಗಿಸಿ, ತೊಳೆದು, ಉಣಿಸಿದರು. ಸತ್ತವರನ್ನು ತಮ್ಮ ಕೈಯಾರೆ ಹೂಳಿದರು. ಕ್ರೈಸ್ತ, ಬೌದ್ಧ ಅಂತ ಭೇದ ನೋಡಲಿಲ್ಲ. ಮುಡಿಪಿನ ಬೆಟ್ಟದಲ್ಲಿ ಇಲ್ಲದ ರೋಗಿಗಾಗಿ ಕತ್ತಲಲ್ಲಿ ಹತ್ತಿದವರಿಗೆ ಇಲ್ಲಿ ನೂರಾರು ರೋಗಿಗಳು ಸಿಕ್ಕರು. ಗೂಢಚಾರ ಅಂತ ಬಂದ ಅಪವಾದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ಬೇರೆ ಬೇಕಿರಲಿಲ್ಲ. ಕಪಟ ಇಲ್ಲದಿರುವುದೇ ಕೆಲವು ಸಲ ಎಲ್ಲಕ್ಕಿಂತ ದೊಡ್ಡ ಜಾಣ್ಮೆ ಅನ್ನುವುದು ಕ್ಯಾಂಡಿಯಲ್ಲಿ ಗೊತ್ತಾಯ್ತು.

ಕೊನೆಯ ದಿನಗಳು

ಕೊಚ್ಚಿಯ ಧರ್ಮಾಧ್ಯಕ್ಷರು ವಾಜರನ್ನು ಶ್ರೀಲಂಕಾದ ವಿಕಾರ್ ಜನರಲ್ ಆಗಿ ನೇಮಿಸಿದರು. ಆ ಹೊಣೆ ಹೊತ್ತರು. ಮುಂದೆ ಧರ್ಮಾಧ್ಯಕ್ಷರ ಪದವಿಯ ಮಾತು ಬಂದಾಗ ಬೇಡವೆಂದರು. 1705ರಲ್ಲಿ ಗೋವೆಯಿಂದ ಬಂದ ಜಾಕೋಮ್ ಗೊನ್ಸಾಲ್ವಿಸ್ ಗುರುಗಳು ಸಿಂಹಳ, ತಮಿಳು ಭಾಷೆಗಳಲ್ಲಿ ಅನೇಕ ಪುಸ್ತಕ ಬರೆದು ಆ ಸಭೆಗೆ ಸಾಹಿತ್ಯವನ್ನೇ ಕೊಟ್ಟರು. ವಾಜರು ಕಟ್ಟಿದ ಗುರುಗಳ ತಂಡ ಅವರ ನಂತರವೂ ಕೆಲಸ ಮಾಡಿತು.

ಬರಿಗಾಲಿನ ಓಡಾಟ, ಉಪವಾಸ, ಕಾಡುಜ್ವರಗಳಿಂದ ದೇಹ ಸೋತಿತ್ತು. 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ವಾಜರು ಪ್ರಭುವಿನಲ್ಲಿ ಸೇರಿದರು. ಅರವತ್ತು ತುಂಬಲು ಕೆಲವೇ ತಿಂಗಳು ಉಳಿದಿತ್ತು. ಸಾಯುವ ಹೊತ್ತಿನಲ್ಲಿ ಸುತ್ತ ನಿಂತವರಿಗೆ ಅವರು ಕೊಟ್ಟ ಬುದ್ಧಿಮಾತಿನ ಸಾರ ಇಷ್ಟು: ಬದುಕಿರುವಾಗ ಅಭ್ಯಾಸ ಮಾಡದೆ ಬಿಟ್ಟದ್ದನ್ನು ಸಾಯುವಾಗ ಮಾಡೋದು ಸುಲಭವಲ್ಲ. ಬರುವಾಗ ಒಬ್ಬ ಗುರುವೂ ಇಲ್ಲದ ದ್ವೀಪದಲ್ಲಿ, ಅವರು ಹೋಗುವಾಗ ಸುಮಾರು 70,000 ಕಥೋಲಿಕರಿದ್ದರು ಅಂತ ಲೆಕ್ಕ ಹೇಳುತ್ತಾರೆ.

1995ರ ಜನವರಿ 21ರಂದು ಪೋಪ್ ಎರಡನೆಯ ಜಾನ್ ಪಾಲ್ ಕೊಲಂಬೋದಲ್ಲಿ ಅವರನ್ನು ಪುನೀತರ ಸಾಲಿಗೆ ಸೇರಿಸಿದರು. 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸ್ ಅದೇ ಕೊಲಂಬೋದ ಗಾಲ್ ಫೇಸ್ ಮೈದಾನದಲ್ಲಿ ಸಂತರೆಂದು ಘೋಷಿಸಿದರು. ಜನವರಿ 16 ಅವರ ಹಬ್ಬದ ದಿನ.

ಬೆಟ್ಟ ಇಳಿಯುವಾಗ

ಸಂತರು ಬಾಳಿದ್ದು ರಾಜರು, ಸಿಪಾಯಿಗಳ ನಡುವೆ. ಯಾತ್ರಿಕರು ಬಾಳುವುದು ಅಂಗಡಿ, ಗದ್ದೆ, ಕಚೇರಿ, ಅಡುಗೆಮನೆಗಳ ನಡುವೆ. ಆದರೂ ಕಷ್ಟ ಒಂದೇ. ಅವರ ಬಾಳಿನಿಂದ ಮನೆಗೆ ಕೊಂಡುಹೋಗಲು ಕೆಲವು ಸಂಗತಿಗಳುಂಟು.

ಒಂದು ಉಪಾಯ ಹೊಳೆದಾಗ, ಇದರ ಲಾಭ ಯಾರಿಗೆ ಅಂತ ಮೊದಲು ಕೇಳಿಕೊಳ್ಳಬೇಕು. ವಾಜರ ಎಲ್ಲ ಉಪಾಯಗಳ ಲಾಭ ಇನ್ನೊಬ್ಬರಿಗೆ, ನಷ್ಟ ಅವರಿಗೆ ಆಗುತ್ತಿತ್ತು. ತಕ್ಕಡಿಯಲ್ಲಿ ಕೈಚಳಕ ಮಾಡಿ ವ್ಯಾಪಾರ ಅಂದರೆ ಹೀಗೇ ಅನ್ನುವವನ ಜಾಣ್ಮೆಯ ಲಾಭ ಅವನಿಗೇ. ಅದು ಹಾವಿನ ವಿಷ ಆಯ್ತೇ ಹೊರತು ಹಾವಿನ ಜಾಣ್ಮೆ ಆಗಲಿಲ್ಲ.

ಎಲ್ಲ ಸತ್ಯವನ್ನೂ ಎಲ್ಲರಿಗೂ ಹೇಳಬೇಕೆಂದಿಲ್ಲ. ವಾಜರು ಸಿಪಾಯಿಗಳ ಎದುರು ಮೌನವಾಗಿದ್ದರು, ವಿಶ್ವಾಸಿಗಳ ಎದುರು ತೆರೆದುಕೊಂಡರು. ಅಣ್ಣನ ಮನೆಯ ಗುಟ್ಟನ್ನು ತಮ್ಮನಿಗೆ, ತಮ್ಮನದ್ದನ್ನು ಅಣ್ಣನಿಗೆ ಮುಟ್ಟಿಸಿ, ಇದ್ದದ್ದು ಇದ್ದ ಹಾಗೆ ಹೇಳಿದೆ ಅನ್ನುವುದು ನಿಷ್ಕಪಟತೆ ಅಲ್ಲ. ಬಾಯಿಗೆ ಕಾವಲು ಇಡುವುದೂ ಪ್ರೀತಿಯೇ. ಮೊಬೈಲಿಗೆ ಬಂದ ಮಾತು ನಿಜವೋ ಸುಳ್ಳೋ ನೋಡದೆ ಹತ್ತು ಜನಕ್ಕೆ ಕಳಿಸುವವರಿಗೂ ಇದು ಸಲ್ಲುತ್ತದೆ.

ಮುಗ್ಧತೆ ಅಂದರೆ ಕಣ್ಣು ಮುಚ್ಚಿ ನಂಬುವುದಲ್ಲ. ಜಾಫ್ನಾದ ಜನ ವಾಜರನ್ನೇ ಪರೀಕ್ಷಿಸಿ ನೋಡಿದರು, ಅವರಿಗೆ ಅದರಿಂದ ಬೇಜಾರಾಗಲಿಲ್ಲ. ವಿದೇಶದಲ್ಲಿ ಕೆಲಸ ಕೊಡಿಸುತ್ತೇನೆ ಅಂತ ಹಣ ಕೇಳುವವನ ಕಾಗದಪತ್ರ ನೋಡುವುದು, ಸಾಲಕ್ಕೆ ಜಾಮೀನು ಹಾಕುವ ಮೊದಲು ಓದಿ ಸಹಿ ಮಾಡುವುದು, ಇವು ವಿಶ್ವಾಸದ ಕೊರತೆ ಅಲ್ಲ. ಮನೆ ಮಕ್ಕಳ ಹೊಟ್ಟೆಯನ್ನು ಕಾಯುವ ಜವಾಬ್ದಾರಿ.

ಆದರೆ ಇಷ್ಟೆಲ್ಲ ಎಚ್ಚರ ಇದ್ದೂ, ರಾತ್ರಿ ಒಬ್ಬ ರೋಗಿ ಕರೆದ ಅಂದಾಗ ಹೋಗಲೇಬೇಕು. ನೂರು ಸಲದಲ್ಲಿ ಒಂದು ಸಲ ಅದು ಸುಳ್ಳಾಗಿರಬಹುದು. ಆ ಒಂದಕ್ಕೆ ಹೆದರಿ ಉಳಿದ ತೊಂಬತ್ತೊಂಬತ್ತು ರೋಗಿಗಳನ್ನು ಕೈಬಿಡುವವನು ಜಾಣನೂ ಅಲ್ಲ, ಮುಗ್ಧನೂ ಅಲ್ಲ. ಒಮ್ಮೆ ಮೋಸಹೋದ ಮೇಲೆ ಮನಸ್ಸಿನ ಬಾಗಿಲು ಹಾಕಿಕೊಂಡವರು ಅನೇಕರು ಇದ್ದಾರೆ. ಅಂಥವರು ಈ ಬೆಟ್ಟದ ಮೇಲೆ ಸ್ವಲ್ಪ ಹೊತ್ತು ಕೂತು ಹೋಗುವುದು ಒಳ್ಳೆಯದು. ಕೆಡುಕು ಮಾಡಲು ಬಂದವರು ಕತ್ತಲಲ್ಲಿ ಓಡಿಹೋದರು, ಅವರ ಹೆಸರು ಕೂಡ ಉಳಿದಿಲ್ಲ. ಮೋಸಹೋದವರ ಹೆಸರಿನಲ್ಲಿ ಮೇಣದ ಬತ್ತಿ ಉರಿಯುತ್ತಿದೆ.

ಯಾತ್ರಿಕರೇ, ಬತ್ತಿ ಹಚ್ಚುವಾಗ ಕಾಯಿಲೆ ವಾಸಿಯಾಗಲಿ, ಸಾಲ ತೀರಲಿ ಅಂತ ಬೇಡಿಕೊಳ್ಳಿ. ಜೊತೆಗೆ ಇನ್ನೊಂದನ್ನೂ ಬೇಡಿಕೊಳ್ಳಿ: ನಾಳೆ ಬೆಳಿಗ್ಗೆ ಅಂಗಡಿ ತೆರೆಯುವಾಗ, ಬಸ್ಸು ಹತ್ತುವಾಗ, ನೆರೆಮನೆಯವರ ಜೊತೆ ಮಾತಾಡುವಾಗ ಕಣ್ಣು ತೆರೆದಿರಲಿ, ಮನಸ್ಸು ಶುದ್ಧವಾಗಿರಲಿ. ಸಾಯುವ ಹೊತ್ತಿಗೆ ಅಂತ ಇದನ್ನು ಮುಂದೂಡಬೇಡಿ. ಸಂತ ಜೋಸೆಫ್ ವಾಜರು ನಿಮಗಾಗಿಯೂ ನಿಮ್ಮ ಮನೆಯವರಿಗಾಗಿಯೂ ಪ್ರಾರ್ಥಿಸಲಿ.